ಹುಲಿಯಿಲ್ಲದ ಗೋವಿನ ಹಾಡು

'ಗೋವಿನ ಹಾಡು' ಮಕ್ಕಳ ಕಥೆಯೆಂದೇ ಪ್ರಸಿದ್ಧವಾದರೂ ಅದರ ಮುಕ್ತಾಯ ಸಾವಿನಲ್ಲಿದೆ: ಪುಣ್ಯಕೋಟಿಯ ಸತ್ಯಕ್ಕೆ ಮಣಿದ ಹುಲಿ ತಾನೇ ಪ್ರಾಣ ತ್ಯಜಿಸುತ್ತದೆ. ಈ ಹಾಡನ್ನು ಒಡಲಲ್ಲಿಟ್ಟುಕೊಂಡ ಎಸ್.ಎಲ್. ಭೈರಪ್ಪನವರ ಕಾದಂಬರಿ 'ತಬ್ಬಲಿಯು ನೀನಾದೆ ಮಗನೆ'. ಇದನ್ನು ಗಿರೀಶ ಕಾರ್ನಾಡ ಹಾಗೂ ಬಿ.ವಿ. ಕಾರಂತರು 1977ರಲ್ಲಿ ಅದೇ ಹೆಸರಿನಿಂದ ಕನ್ನಡದಲ್ಲಿಯೂ, 'ಗೋಧೂಳಿ' ಎಂಬ ಹೆಸರಿನಿಂದ ಹಿಂದಿಯಲ್ಲಿಯೂ ಚಿತ್ರವಾಗಿಸಿದರು. ಚಿತ್ರದಲ್ಲಿ ಹುಲಿಯಿಲ್ಲ, ಅಮೆರಿಕದಿಂದ ಮರಳಿದ ಗೋವಿನೊಡೆಯನೇ ಆ ಸ್ಥಾನದಲ್ಲಿ ನಿಂತಿದ್ದಾನೆ. ಹುಲಿಗೊದಗಿದ ಪ್ರಾಯಶ್ಚಿತ್ತ ಮನುಷ್ಯನಿಗೆ ಅಷ್ಟು ಸುಲಭವಲ್ಲವೆಂಬುದೇ ಚಿತ್ರದ ಕಹಿಸತ್ಯ. ಆದರೆ 'ಗೋಧೂಳಿ' ಎಂಬ ಹೆಸರು ಹಿಂಡು ಮನೆಗೆ ಮರಳುವ ಹೊತ್ತನ್ನು ಉಳಿಸಿಕೊಂಡು, ಕರುವನ್ನು ಸಂಬೋಧಿಸುವ ತಾಯ ದನಿಯನ್ನು ಕಳೆದುಕೊಂಡಿದೆ. ಮುಂಬಯಿ ಹಾಗೂ ಅದರ ಉಪನಗರಗಳಲ್ಲಿ ಎರಡೂ ಭಾಷೆಗಳೊಡನೆ ಬಾಳುವ ಕನ್ನಡ ವಿದ್ವಾಂಸರೇ ಈ ನಷ್ಟವನ್ನು ಸರಿಯಾಗಿ ಅಳೆಯಬಲ್ಲರೆಂದು ನಾವು ಭಾವಿಸುತ್ತೇವೆ.