ಪಬ್‌ಜಿ ಮೇಲಿನ ಕೇಸು

2019ರ ಸೆಪ್ಟೆಂಬರ್ 9ರ ನಸುಕಿನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ ನಿವೃತ್ತ ಪೊಲೀಸರೊಬ್ಬರ ಕೊಲೆಯಾಯಿತು. ಸಿಕ್ಕಿಬಿದ್ದವನು ಅವರ ಮಗ, ಇಪ್ಪತ್ತೊಂದರ ಹುಡುಗ. ಮರುದಿನದ ಸುದ್ದಿಯ ತಲೆಬರಹದಲ್ಲಿ ಮಾತ್ರ ಆರೋಪಿಯ ಜಾಗದಲ್ಲಿ ಕೂತದ್ದು ಒಂದು ಮೊಬೈಲ್ ಆಟ: ಪಬ್‌ಜಿ. ಕಾಕತಿಗೂ ನಮ್ಮ ಗದುಗಿಗೂ ನಡುವೆ ಇರುವುದು ಧಾರವಾಡ, ಹುಬ್ಬಳ್ಳಿ. ಸುದ್ದಿ ಬಂದು ಮುಟ್ಟಲು ಹೊತ್ತು ಹಿಡಿಯಲಿಲ್ಲ. ಬೆಟಗೇರಿಯ ಚಹಾದಂಗಡಿಯಿಂದ ಶಿರಹಟ್ಟಿಯ ಪಾಲಕರ ಸಭೆಯವರೆಗೆ ಅಂದಿನಿಂದ ಒಂದೇ ಮಾತು: ‘ಆ ಹೊಡಿಬಡಿ ಆಟ ಆಡಿ ಆಡಿ ಹುಡುಗರು ಕೆಟ್ಟು ಕುಂತಾವ್ರೀ.’

ಅಷ್ಟು ಜನ ಅಷ್ಟು ಖಾತ್ರಿಯಿಂದ ಹೇಳುವ ಮಾತನ್ನು ಒಮ್ಮೆ ಬಿಚ್ಚಿ ನೋಡಬೇಕು.

ಕಾಕತಿಯ ವರದಿಗಳನ್ನು ಕೆಳಗಿನ ಸಾಲುಗಳವರೆಗೆ ಓದಿದರೆ ಬೇರೆಯೇ ಮನೆ ಕಾಣುತ್ತದೆ. ಹುಡುಗ ನೆರೆಯವರ ಕಿಟಕಿಗೆ ಕಲ್ಲು ತೂರಿದನೆಂದು ಹಿಂದಿನ ದಿನವೇ ದೂರು ಹೋಗಿತ್ತು. ಠಾಣೆಗೆ ಕರೆಸಿ, ಬುದ್ಧಿ ಹೇಳಿ ಕಳಿಸಿದ್ದರು. ಓದು ನಿಂತ ನೀರಾಗಿತ್ತು. ರೀಚಾರ್ಜಿಗೆ ಹಣ ಕೇಳಿದ್ದಕ್ಕೆ ತಂದೆ ಬೈದರು, ಫೋನ್ ಬಿಡಿಸಲು ನೋಡಿದರು. ತಾಯಿಯನ್ನು ಕೋಣೆಯಲ್ಲಿ ಕೂಡಿಹಾಕಿ ಆಮೇಲೆ ನಡೆದದ್ದು ಕೊಲೆ. ಯಾರದೋ ಕಿಟಕಿಗೆ ಸುಮ್ಮನೆ ಕಲ್ಲು ತೂರುವ ಹುಡುಗನಿಗೆ ಠಾಣೆಯ ಎಚ್ಚರಿಕೆಗಿಂತ ವೈದ್ಯರ ಕುರ್ಚಿ ಬೇಕಿತ್ತೇನೋ ಎಂಬ ಅನುಮಾನ ಆ ಸಾಲುಗಳಲ್ಲೇ ಇದೆ. ಅದು ತಲೆಬರಹಕ್ಕೆ ಏರಲಿಲ್ಲ. ಪಬ್‌ಜಿ ಎಂದರೆ ನಾಲ್ಕು ಅಕ್ಷರವೂ ಇಲ್ಲ, ಕಾಲಮ್ಮಿನಲ್ಲಿ ಸಲೀಸಾಗಿ ಕೂರುತ್ತದೆ.

ಎರಡನೆಯ ಪ್ರಕರಣ ಕರಾವಳಿಯದು. 2021ರ ಏಪ್ರಿಲ್‌ನಲ್ಲಿ ಉಳ್ಳಾಲ ಹತ್ತಿರದ ಕೆ.ಸಿ. ರೋಡ್‌ನಲ್ಲಿ ಹನ್ನೆರಡರ ಬಾಲಕನೊಬ್ಬನ ಹೆಣ ಸಿಕ್ಕಿತು. ಹಿಡಿದದ್ದು ಅವನಿಗಿಂತ ಕೆಲವೇ ವರ್ಷ ದೊಡ್ಡವನಾದ, ಇನ್ನೂ ಹದಿನೆಂಟು ತುಂಬದ ನೆರೆಹುಡುಗನನ್ನು. ಪೊಲೀಸರು ಹೇಳಿದ ಕಥೆ ಹೀಗಿದೆ: ಮೊಬೈಲಿನಲ್ಲಿ ಚಿಕ್ಕವನೇ ಸದಾ ಗೆಲ್ಲುತ್ತಿದ್ದ. ಅವನ ಹೆಸರಲ್ಲಿ ಬೇರೆ ಯಾರೋ ಆಡುತ್ತಿದ್ದಾರೆಂದು ದೊಡ್ಡವನಿಗೆ ಗುಮಾನಿ. ಎದುರುಬದುರು ಕೂತು ಆಡೋಣ ಬಾ ಎಂದು ಪಂಥ ಕಟ್ಟಿದ. ಆ ಸಲ ಚಿಕ್ಕವನು ಸೋತ. ಮಾತಿಗೆ ಮಾತು ಬೆಳೆದು ಕಲ್ಲು ಎದ್ದಿತು. ಈ ಜಗಳದಲ್ಲಿ ಬಂದೂಕಿನ ಚಿತ್ರದ ಪಾಲು ಎಷ್ಟು? ಮೋಸದಿಂದ ಗೆದ್ದನೆಂಬ ಸಿಟ್ಟು ಗೋಲಿಯಾಟದಲ್ಲೂ ಬರುತ್ತದೆ, ಇಸ್ಪೀಟಿನಲ್ಲಂತೂ ಬಂದೇ ಬರುತ್ತದೆ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿಯೂ ಆ ಪಟ್ಟಿಯಲ್ಲಿತ್ತು. ಕೆ.ಸಿ. ರೋಡ್‌ನ ಹುಡುಗರು ಜಗಳವಾಡಿದ್ದು ಕಾನೂನಿನ ಪ್ರಕಾರ ಇಲ್ಲವಾಗಿ ಏಳು ತಿಂಗಳು ಕಳೆದಿದ್ದ ಆಟಕ್ಕೆ.

ಇನ್ನು ಆಟವನ್ನೇ ನೋಡೋಣ. ಬೈಯುವವರಲ್ಲಿ ಅದನ್ನು ಪೂರ್ತಿ ಒಂದು ಸುತ್ತು ನೋಡಿದವರು ಕಡಿಮೆ. ನೂರು ಜನ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಜಿಗಿಯುತ್ತಾರೆ, ಬರಿಗೈಲಿ. ಖಾಲಿ ಮನೆಗಳಲ್ಲಿ ಹುಡುಕಿ ಬಂದೂಕು, ಹೆಲ್ಮೆಟ್, ಬ್ಯಾಂಡೇಜು ಕೂಡಿಸಿಕೊಳ್ಳಬೇಕು. ಸುತ್ತಲಿನ ನೀಲಿ ವೃತ್ತ ಕಿರಿದಾಗುತ್ತ ಬರುತ್ತದೆ, ಹೊರಗುಳಿದವನು ಸಾಯುತ್ತಾನೆ. ಕೊನೆಗೆ ಉಳಿದವನೇ ಗೆದ್ದವನು. ಮುಂಡರಗಿಯ ಕಟ್ಟೆಯೊಂದರ ಮೇಲೆ ನಾಲ್ಕು ಹುಡುಗರು ಬೆನ್ನಿಗೆ ಬೆನ್ನು ಹಚ್ಚಿ ಕೂತು ಆಡುತ್ತಿದ್ದುದನ್ನು ನಾನು ನಿಂತು ಕೇಳಿದ್ದೇನೆ. ‘ಲೇ, ಬಾಜೂ ಮನ್ಯಾಗ ಒಬ್ಬಾಂವ ಅದಾನ, ಹೊರಗ ಬರಬ್ಯಾಡ.’ ‘ನಾಕ್ ಆದ್ನಿ, ರಿವೈವ್ ಕೊಡಲೇ ಲಗೂನ.’ ‘ತಡಿ, ಮದ್ದ ಇಲ್ಲ ನನ್ನ ಕಡೆ.’ ಅರ್ಧ ಗಂಟೆಯಲ್ಲಿ ಗುಂಡು ಹಾರಿದ್ದು ಎರಡೋ ಮೂರೋ ಸಲ. ಉಳಿದದ್ದೆಲ್ಲ ಅಡಗುವುದು, ಹಂಚಿಕೊಳ್ಳುವುದು, ಬಿದ್ದ ಗೆಳೆಯನನ್ನು ಎಬ್ಬಿಸುವುದು. ಒಬ್ಬನ ಅವ್ವ ಬಂದು ‘ಎದ್ದ ಬರತಿಯೋ ಇಲ್ಲೋ’ ಎಂದಾಗ ಅವನು ಸಿಟ್ಟಾಗಲಿಲ್ಲ. ‘ಇವರು ಸಾಯತಾರಬೇ ನಾ ಎದ್ದರ’ ಎಂದು ಗೋಗರೆದ.

ಹಾಗೆಂದು ಇದು ಒಳ್ಳೆಯ ಕೃತಿ ಎಂದು ನಾನು ಹೇಳಲಾರೆ. ಹಿಂಸೆಯನ್ನು ಕಟ್ಟಿಕೊಡುವ ಕಲೆಯಾಗಿ ಪಬ್‌ಜಿ ತೀರ ಬಡ. ಅದರಲ್ಲಿ ಸತ್ತವನು ಹೆಣವಾಗುವುದಿಲ್ಲ, ಪೆಟ್ಟಿಗೆಯಾಗುತ್ತಾನೆ. ಕೊಂದವನು ಓಡಿಬಂದು ಪೆಟ್ಟಿಗೆ ತೆರೆದು ತನಗೆ ಬೇಕಾದದ್ದನ್ನು ಎತ್ತಿಕೊಳ್ಳುತ್ತಾನೆ. ಯಾರು ಯಾರಿಗೆ ಏಕೆ ಶತ್ರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಗದುಗಿನವರಿಗೆ ಹಿಂಸೆಯ ಕಲೆ ಹೊಸದಲ್ಲ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದನೆಂದು ಹೆಮ್ಮೆಪಡುವ ಊರು ಇದು. ಕರ್ಣಪರ್ವದಲ್ಲಿ ಭೀಮ ದುಶ್ಶಾಸನನ ಎದೆ ಬಗಿದು ನೆತ್ತರು ಕುಡಿಯುವುದನ್ನು ತಲೆತಲಾಂತರದಿಂದ ಗಮಕದಲ್ಲಿ ಕೇಳುತ್ತ ಬಂದವರು ನಾವು. ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ. ಅಲ್ಲಿನ ತಿರುಳುಗನ್ನಡದಲ್ಲಿ ಬರೆದೆನೆಂದ ಪಂಪನದೂ ಯುದ್ಧದ ಕಾವ್ಯವೇ. ಆ ನೆತ್ತರು ಆಟದ ನೆತ್ತರಿಗಿಂತ ಸಾವಿರ ಪಾಲು ಭೀಕರ. ಏಕೆಂದರೆ ಅದರ ಹಿಂದೆ ಒಂದು ಸಭೆ, ಒಬ್ಬಳ ಬಿಚ್ಚಿದ ಮುಡಿ, ಒಂದು ಪ್ರತಿಜ್ಞೆ ಇದೆ. ಕೇಳುವವನ ಮೈ ಜುಮ್ಮೆನ್ನುತ್ತದೆ, ಭೀಮನ ಬಗ್ಗೆ ಹೆದರಿಕೆಯೂ ಹುಟ್ಟುತ್ತದೆ. ಆಟದಲ್ಲಿ ಇದಾವುದೂ ಇಲ್ಲ. ಆದರೆ ಟೊಳ್ಳು ಎನ್ನುವುದು ಒಂದು ದೂರು, ಕೊಲೆಗೆ ಪ್ರೇರಣೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಹೊರಿಸುತ್ತೇನೆ, ಎರಡನೆಯದಕ್ಕೆ ಸಾಕ್ಷಿ ಸಾಲದು.

ಸಾಕ್ಷಿಗಾಗಿ ಹುಡುಕಾಟವೇನೂ ಕಡಿಮೆ ನಡೆದಿಲ್ಲ. ಅಮೆರಿಕದಲ್ಲಿ 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದ ನಂತರ ಜೋರಾದ ತಕರಾರು ಇದು. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಮಾಡಿತು. 2019ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಬ್ರಿಟನ್ನಿನ ಸುಮಾರು ಸಾವಿರ ಹದಿಹರೆಯದವರನ್ನು ಅಧ್ಯಯನ ಮಾಡಿ, ಇಂಥ ಆಟಕ್ಕೂ ಅವರ ಆಕ್ರಮಣಶೀಲತೆಗೂ ನಂಟು ಕಾಣಲಿಲ್ಲ ಎಂದರು. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಸ್ವಲ್ಪ ಬಿಗಿಯಾಗಿ ಮಾತಾಡಿತು: ಕೂಗಾಟ, ತಳ್ಳಾಟದಂಥ ನಡವಳಿಕೆಯೊಂದಿಗೆ ಸಣ್ಣ ಸಂಬಂಧವಿದೆ, ಕೊಲೆಯಂಥ ಹಿಂಸೆಯನ್ನು ಆಟಕ್ಕೆ ಕಟ್ಟಲು ಆಧಾರ ಸಾಲದು. ಪಬ್‌ಜಿ ಹುಟ್ಟಿದ ದಕ್ಷಿಣ ಕೊರಿಯಾ ಆಟದ ಹುಚ್ಚಿಗೆ ಹೆಸರಾದ ದೇಶ. ಕೊಲೆಗಳು ಬಹಳ ಕಡಿಮೆ ನಡೆಯುವ ದೇಶಗಳಲ್ಲೂ ಅದು ಒಂದು.

ದೂರದ ಅಧ್ಯಯನ ಒತ್ತಟ್ಟಿಗಿರಲಿ, ನಮ್ಮ ಜಿಲ್ಲೆಯ ಕೊಲೆಗಳನ್ನೇ ಓದಬಹುದು. 2019ರ ನವೆಂಬರ್‌ನಲ್ಲಿ ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿದ್ದ ಜೋಡಿಯೊಂದನ್ನು ಕಲ್ಲಿನಿಂದ ಹೊಡೆದು ಕೊಂದರು. ಕೊಂದವರು ಯುವತಿಯ ಕಡೆಯವರೇ. 2025ರ ಜನವರಿಯಲ್ಲಿ ಗದಗ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. 2024ರ ಏಪ್ರಿಲ್ 19ರಂದು ಗದುಗಿನ ದಾಸರ ಓಣಿಯಲ್ಲಿ ಮನೆಯಲ್ಲಿ ಮಲಗಿದ್ದ ನಾಲ್ವರು ಹತರಾದರು. ಆಸ್ತಿಗಾಗಿ ಮನೆಯವನೇ ಕೊಟ್ಟ ಸುಪಾರಿ ಎಂದರು ಪೊಲೀಸರು. ಜಾತಿಯ ಮರ್ಯಾದೆ, ಆಸ್ತಿಯ ಪಾಲು. ಇವಕ್ಕೆ ಯಾವ ಆಟವೂ ತರಬೇತಿ ಕೊಡಬೇಕಿರಲಿಲ್ಲ, ಮನೆಯ ಜಗುಲಿಯೇ ಸಾಕಾಯಿತು. ಸಣ್ಣಾಟದ ‘ಸಂಗ್ಯಾ ಬಾಳ್ಯಾ’ ನೋಡಿ ಬೆಳೆದ ಸೀಮೆ ನಮ್ಮದು. ಬೈಲಹೊಂಗಲದ ಕಡೆ ನಡೆದದ್ದೆಂದು ಹೇಳುವ ಕೊಲೆಯೊಂದು ಆಟವಾಯಿತೇ ಹೊರತು, ಆ ಆಟ ನೋಡಿ ಗೆಳೆಯರು ಗೆಳೆಯರನ್ನು ಹಿಡಿದುಕೊಡಲು ಕಲಿತರೆಂದು ಯಾರೂ ದೂರಲಿಲ್ಲ. ಮಗ ಕೊಂದರೆ ಮೊಬೈಲ್ ಕೆಡಿಸಿತು ಎನ್ನುತ್ತೇವೆ. ಹಿರಿಯರು ಕೊಂದರೆ ಏನು ಕೆಡಿಸಿತು ಎಂದು ಕೇಳುವುದೇ ಇಲ್ಲ.

ಹಾಗಾದರೆ ಆಟ ನಿರ್ದೋಷಿಯೇ? ಅಲ್ಲ. ಕೇಸು ಇದೆ, ಹಾಕಿದ ಕಲಮು ತಪ್ಪು.

ನಿಷೇಧವಾದ ಆಟ 2021ರ ಜುಲೈನಲ್ಲಿ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಲ್ಲಿ ವಾಪಸು ಬಂತು. 2022ರ ಜುಲೈನಲ್ಲಿ ಮತ್ತೆ ಮಾಯವಾಗಿ, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷವಾಯಿತು. ಅದು ಹೇಗೆ ಸುಧಾರಿಸಿಕೊಂಡು ಬಂತೆಂದು ನೋಡಿ. ಕೆಂಪು ನೆತ್ತರು ಹಸಿರಾಯಿತು. ‘ಕಿಲ್’ ಎನ್ನುವ ಕಡೆ ‘ಫಿನಿಶ್’ ಬಂತು. ಇದು ನಿಜವಲ್ಲ, ಆಟದ ಲೋಕ ಎಂಬ ಎಚ್ಚರಿಕೆ ಸೇರಿತು. ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ತಾಸಿನ ಮಿತಿ, ದಿನಕ್ಕೆ 7,000 ರೂಪಾಯಿಯ ಖರ್ಚಿನ ಮಿತಿ. ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು. ಬೆಟಗೇರಿಯ ಮಗ್ಗದ ಮನೆಯಲ್ಲಿ ಏಳು ಸಾವಿರ ಎಂದರೆ ದಿನದ ಲೆಕ್ಕವೇ ಅಲ್ಲ. ಪಾಲಕರ ನಂಬರಿಗೆ ಒಟಿಪಿ ಹೋಗುತ್ತದಂತೆ. ಫೋನೇ ಅಪ್ಪನದಾಗಿರುವಾಗ ಒಟಿಪಿ ಬಂದು ಬೀಳುವುದು ಮಗನ ಅಂಗೈಗೆ!

ನೆತ್ತರಿನ ಬಗ್ಗೆ ಗಲಾಟೆಯಾದರೆ ಕಂಪನಿಗೆ ಕಷ್ಟವಿಲ್ಲ. ಬಣ್ಣ ಬದಲಿಸಲು ಎಷ್ಟು ಹೊತ್ತು? ಅಂಗಡಿಯ ಬಗ್ಗೆ ಗಲಾಟೆಯಾಗಿದ್ದರೆ ಕಷ್ಟವಿತ್ತು. ಆಟದೊಳಗೆ ಯುಸಿ ಎಂಬ ನಾಣ್ಯ, ಅದನ್ನು ಕೊಳ್ಳಲು ನಿಜವಾದ ರೂಪಾಯಿ. ಆ ನಾಣ್ಯದಿಂದ ಕ್ರೇಟ್ ತೆರೆದರೆ ಬಂದೂಕಿಗೆ ಬಣ್ಣದ ಹೊದಿಕೆ ಬರಬಹುದು, ಬರದೆಯೂ ಇರಬಹುದು; ಅಂದರೆ ಲಾಟರಿ. ಅವಧಿ ಮುಗಿಯುವ ಪಾಸು, ದಿನಾ ಬಂದು ಮುಗಿಸಬೇಕಾದ ಮಿಷನ್ನು, ಇಂದು ರಾತ್ರಿಗೇ ಕೊನೆಯಾಗುವ ರಿಯಾಯಿತಿ. ಹೊದಿಕೆ ತೊಟ್ಟವನ ಗುರಿ ನೆಟ್ಟಗಾಗುವುದಿಲ್ಲ, ಗೆಳೆಯರ ಮುಂದೆ ಮರ್ಯಾದೆ ಮಾತ್ರ ಏರುತ್ತದೆ. ಬರೀ ಉಡುಪಿನಲ್ಲಿ ಆಡುವವನನ್ನು ಹುಡುಗರು ‘ನೂಬ್’, ಅಂದರೆ ಆಟ ಬಾರದವ ಎಂದು ಕಾಡುತ್ತಾರೆ. ಕಾಕತಿಯ ಮನೆಯಲ್ಲಿ ಜಗಳ ಹತ್ತಿದ್ದು ಎಲ್ಲಿ? ಗುಂಡಿನ ಮೇಲಲ್ಲ, ಹಣದ ಮೇಲೆ, ಆಟ ನಿಲ್ಲಿಸುವುದರ ಮೇಲೆ. ಆಡುವವನು ನಿಲ್ಲಿಸದಂತೆ ಕಟ್ಟಿದ ಯಂತ್ರವನ್ನು ಮನೆಯವರು ಬಲವಂತವಾಗಿ ನಿಲ್ಲಿಸುವ ಕ್ಷಣವೇ ಕಾಕತಿಯಂಥ ವರದಿಗಳಲ್ಲಿ ಕಿಡಿ ಹಾರುವ ಕ್ಷಣ. ಬಹುಪಾಲು ಮನೆಗಳಲ್ಲಿ ಅದು ಬಾಗಿಲು ಬಡಿದು, ಊಟ ಬಿಟ್ಟು ಮುಗಿಯುತ್ತದೆ.

ಕಾನೂನೂ ಈ ಅಂಗಡಿಯನ್ನು ತಡವಾಗಿ, ಓರೆಯಾಗಿ ನೋಡಿದೆ. ಪಣದ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಮಾಡಿತು.  ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳಿಗೆ ಬಾಗಿಲು ಹಾಕಿತು. ಹಣ ಕಟ್ಟಿ ಏನೂ ಗೆಲ್ಲದ, ಬರೀ ಹೊದಿಕೆ ಗೆಲ್ಲುವ ಕ್ರೇಟ್ ಮಾತ್ರ ಆ ಬಾಗಿಲಿನ ಪಕ್ಕದಿಂದ ನುಸುಳಿದೆ.

ಆಟ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಿಮ್ಹಾನ್ಸ್‌ನಲ್ಲಿ 2014ರಿಂದ ಇಂಥವರಿಗೆಂದೇ ‘ಶಟ್’ ಕ್ಲಿನಿಕ್ ಇದೆ. ಶಿರಹಟ್ಟಿಯವರಿಗೆ ಬೆಂಗಳೂರು ದೂರವೆನಿಸಿದರೆ ಮನೋವೈದ್ಯರಿಗಾಗಿ ಧಾರವಾಡದ ಡಿಮ್ಹಾನ್ಸ್ ಇದೆ. ಹುಡುಗನನ್ನು ಠಾಣೆಗೆ ಕರೆದೊಯ್ಯುವ ಮನೆಯವರಿಗೆ ಅಲ್ಲಿಯ ದಾರಿ ತೋರಿಸುವವರು ಬೇಕು. ಪತ್ರಿಕೆಗಳ ಪಾಲಿನ ಕೆಲಸ ಇನ್ನೂ ಸುಲಭದ್ದು. ಶುಕ್ರವಾರ ತೆರೆಕಂಡ ಸಿನಿಮಾಕ್ಕೆ ಶನಿವಾರವೇ ನಕ್ಷತ್ರ ಎಣಿಸಿ ವಿಮರ್ಶೆ ಬರುತ್ತದೆ, ಹಾಡು ಚೆನ್ನ, ದ್ವಿತೀಯಾರ್ಧ ಎಳೆದಾಟ ಎಂದು. ಹುಡುಗರು ಸಿನಿಮಾಕ್ಕಿಂತ ಎಷ್ಟೋ ಪಾಲು ಹೆಚ್ಚು ಹೊತ್ತು ಕಳೆಯುವ ಆಟದ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಅಂಥ ಅಂಕಣ ಹುಡುಕಿದರೂ ಸಿಗುವುದು ಅಪರೂಪ. ಕ್ರೇಟ್‌ನಲ್ಲಿ ಏನು ಬರುತ್ತದೆ, ಎಷ್ಟು ಹಣ ನುಂಗುತ್ತದೆ, ಯಾವ ವಯಸ್ಸಿಗೆ ಸರಿ ಎಂದು ಬರೆಯುವವರಿಲ್ಲ. ಆಟಕ್ಕೆ ಸಿಕ್ಕಿರುವುದು ಅಪರಾಧ ಸುದ್ದಿಯ ಪುಟ ಒಂದೇ.