ಕೋಟ್ನಿಸರಿಗೆ ಪ್ಲೇಗ್ ಯಾಕೆ ಬೇಕಿತ್ತು?

ವಿ. ಶಾಂತಾರಾಂ ಅವರ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ (1946) ಮೊನ್ನೆ ಮತ್ತೆ ನೋಡಿದೆ. ನಮ್ಮ ಗಡಿಯಾಚೆಯ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್, 1938ರಲ್ಲಿ ಇನ್ನೂ ನಾಲ್ವರು ಡಾಕ್ಟರುಗಳ ಜೊತೆ ಯುದ್ಧದಲ್ಲಿ ಬೇಯುತ್ತಿದ್ದ ಚೀನಾಕ್ಕೆ ಹೋದ ಕತೆ. ಶಾಂತಾರಾಂ ಅವರೇ ಹೀರೋ. ಸಿನಿಮಾದ ಕೋಟ್ನಿಸ್ ಪ್ಲೇಗಿಗೆ ಮದ್ದು ಹುಡುಕ್ತಾನೆ, ಕೊನೆಗೆ ಅದಕ್ಕೇ ಬಲಿಯಾಗ್ತಾನೆ.

ನಿಜದ ಕೋಟ್ನಿಸ್ ತೀರಿಕೊಂಡದ್ದು ಮೂರ್ಛೆರೋಗದಿಂದ, 1942ರ ಡಿಸೆಂಬರಿನಲ್ಲಿ, 32ನೇ ವಯಸ್ಸಿಗೆ. ಅಷ್ಟರೊಳಗೆ ಚೀನೀ ಭಾಷೆ ಕಲಿತಿದ್ದರು, ಆ ಭಾಷೆಯವರಿಗೇ ವೈದ್ಯಕೀಯ ಪಾಠ ಹೇಳಿದ್ದರು, ಬೆಥೂನ್ ಆಸ್ಪತ್ರೆಯ ಹೊಣೆ ಹೊತ್ತಿದ್ದರು. ಜೊತೆಗೆ ಹೋದವರಲ್ಲಿ ಕೆಲವರು ವಾಪಸು ಬಂದರೂ ಇವರು ಅಲ್ಲೇ ಉಳಿದರು. ಉಳಿಯೋದನ್ನ ಸಿನಿಮಾದಲ್ಲಿ ತೋರಿಸೋದು ಕಷ್ಟ, ಒಪ್ಪುತ್ತೇನೆ. ಪ್ಲೇಗ್ ಆದರೆ ಕ್ಲೈಮ್ಯಾಕ್ಸ್ ಸಿಗುತ್ತೆ.

ನನ್ನ ತಕರಾರು ಏನಂದ್ರೆ, ಆ ಪ್ಲೇಗ್ ನಮ್ಮಂಥ ಡಾಕ್ಟರುಗಳ ತಲೆಯೊಳಗೂ ಕೂತಿದೆ.

2019ರ ಆಗಸ್ಟ್. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನದಿದಂಡೆಯ ಊರುಗಳು ಮುಳುಗಿದ್ದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೈವೇನೇ ಬಂದ್. ನೀರು ಸ್ವಲ್ಪ ಇಳಿದ ಮೇಲೆ ಬೆಂಗಳೂರಿಂದ ಒಂದು ತಂಡದ ಜೊತೆ ನಾನೂ ಹೋದೆ. ಎರಡೇ ದಿನಕ್ಕೆ, ಸೋಮವಾರ ಡ್ಯೂಟಿ ಇತ್ತಲ್ಲ! ಬ್ಯಾಗಿನ ತುಂಬ ಆಂಟಿಬಯೋಟಿಕ್, ಹೊಲಿಗೆ ಹಾಕೋ ಸಾಮಾನು.

ಚಿಕ್ಕೋಡಿ ತಾಲೂಕಿನ ಒಂದು ಶಾಲೆಯಲ್ಲಿ ಮೊದಲು ಬಂದ ಅಜ್ಜಿ ಹೇಳಿದ್ದು: “ಬಿ.ಪಿ. ಗುಳಿಗಿ ನೀರಾಗ ಹೋದೂರಿ, ಚೀಟಿನೂ ಹೋತು. ಸಣ್ಣದ ಬಿಳೇದ ಐತಿ ನೋಡ್ರಿ, ಅದನ್ನ ಕೊಡ್ರಿ.” ಸಣ್ಣ ಬಿಳೀ ಮಾತ್ರೆ ಅಂದ್ರೆ ಯಾವುದು? ನಮ್ಮ ಬ್ಯಾಗಲ್ಲಿ ಬಿ.ಪಿ. ಮಾತ್ರೆಯೇ ಇರಲಿಲ್ಲ ಅನ್ನೋದು ಬೇರೆ ಮಾತು. ಸಕ್ಕರೆ ಕಾಯಿಲೆಯವರದೂ ಇದೇ ಪಾಡು. ಮುಂದಿನವರು ಮಾತಾಡಿದ್ದು ಮರಾಠಿ. ನನಗೆ ಅದೂ ಬರಲ್ಲ. ಪಕ್ಕದಲ್ಲಿದ್ದ ಆರೋಗ್ಯ ಕೇಂದ್ರದ ಸಿಸ್ಟರ್ ಅಜ್ಜಿಯ ಮುಖ ನೋಡಿ, “ಅಮ್ಲೋಡಿಪಿನ್ ಐದು, ಸರ್” ಅಂದರು. ಅವರಿಗೆ ರಿಜಿಸ್ಟರೂ ಬೇಕಾಗಲಿಲ್ಲ.

ಇಲಿಜ್ವರ ತೋರಿಕೊಳ್ಳೋದು ಕೆಸರು ನೀರಲ್ಲಿ ಓಡಾಡಿದ ಎಷ್ಟೋ ದಿನಗಳ ಮೇಲೆ. ಸಾಮಾನ್ಯವಾಗಿ ಒಂದೆರಡು ವಾರ. ಮನೆಗೆ ಮರಳಿ, ಕೆಸರು ಬಳಿದು, ಬಾವಿ ನೀರು ಕುಡಿಯೋಕೆ ಶುರು ಮಾಡಿದಾಗಲೇ ವಾಂತಿ-ಭೇದಿ ಭಯ. ಆ ಹೊತ್ತಿಗೆ ನಮ್ಮ ಗ್ರೂಪ್ ಫೋಟೋಗೆ ಲೈಕುಗಳೂ ನಿಂತಿದ್ದವು.

ಶಾಂತಾರಾಂ ಅವರನ್ನ ಬೈಯೋಕೆ ಮನಸ್ಸಿಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ದೇಶಕ್ಕೆ ಅಂಥ ಹೀರೋ ಬೇಕಿದ್ದಿರಬಹುದು. ಆದರೂ ಈ ಸಲ ನೋಡುವಾಗ, ಕೋಟ್ನಿಸ್ ಚೀನೀ ಅಕ್ಷರ ತಿದ್ದುತ್ತಾ ಕೂತ ಸಂಜೆಗಳು ಹೇಗಿದ್ದಿರಬಹುದು ಅಂತಲೇ ಯೋಚಿಸ್ತಿದ್ದೆ.