ಕಿತ್ತ ಪುಟ, ಇಡಿಯ ಕೃತಿ: ‘ಮಾದೊರುಭಾಗನ್’ ವಿವಾದದ ಮರು ಓದು

ಧಾರ್ಮಿಕ ನಂಬಿಕೆಯ ಸುತ್ತ ಹಬ್ಬುವ ತಪ್ಪು ಮಾಹಿತಿ ಎಂದೊಡನೆ ನಮಗೆ ಹೊಳೆಯುವುದು ಕಟ್ಟಿದ ಸುಳ್ಳು: ನಡೆಯದ ಘಟನೆ, ಆಡದ ಮಾತು, ತಿದ್ದಿದ ಚಿತ್ರ. ಪೆರುಮಾಳ್ ಮುರುಗನ್ ಅವರ ತಮಿಳು ಕಾದಂಬರಿ ‘ಮಾದೊರುಭಾಗನ್’ ಎದುರಿಸಿದ ವಿರೋಧವನ್ನು ಈ ಅರ್ಥದಲ್ಲಿ ವಿವರಿಸಲಾಗದು. ತಿರುಚೆಂಗೋಡಿನಲ್ಲಿ ನೆರಳಚ್ಚಾಗಿ ಹಂಚಿಕೆಯಾದ ಪುಟಗಳು ಕಾದಂಬರಿಯವೇ ಆಗಿದ್ದವು. ಆದರೂ ಅವು ಓದುಗರಿಗೆ ತಲುಪಿಸಿದ್ದು ತಪ್ಪು ತಿಳಿವಳಿಕೆಯನ್ನೇ. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಕಾನೂನಿಗಿಂತ ಮೊದಲು ವಿಮರ್ಶೆಗೆ ಸೇರಿದ್ದು.

2010ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ಸ್ವಾತಂತ್ರ್ಯಪೂರ್ವದ ಕೊಂಗುನಾಡಿನದು. ಕಾಳಿ ಮತ್ತು ಪೊನ್ನಾ ಅನ್ಯೋನ್ಯವಾಗಿ ಬಾಳುವ ಒಕ್ಕಲು ದಂಪತಿ. ಮದುವೆಯಾಗಿ ಹನ್ನೆರಡು ವರ್ಷ ಕಳೆದರೂ ಮಕ್ಕಳಿಲ್ಲ. ಊರಿನ ಚುಚ್ಚುಮಾತು, ಶುಭಕಾರ್ಯಗಳಲ್ಲಿ ಪೊನ್ನಾಳನ್ನು ದೂರವಿಡುವ ರೀತಿ, ಹೊತ್ತು ತೀರದ ಹರಕೆಗಳು ಇವರ ಬಾಳನ್ನು ಸವೆಸುತ್ತವೆ. ಬೆಟ್ಟದ ಮೇಲಿನ ಅರ್ಧನಾರೀಶ್ವರನ ತೇರು ಹಬ್ಬದ ಹದಿನಾಲ್ಕನೆಯ ರಾತ್ರಿ ಮಕ್ಕಳಿಲ್ಲದ ಹೆಣ್ಣು ಅಪರಿಚಿತ ಗಂಡಸನ್ನು ಕೂಡಬಹುದು, ಆ ರಾತ್ರಿ ಬರುವ ಗಂಡಸರೆಲ್ಲ ದೇವರೇ, ಹುಟ್ಟುವ ಮಗು ದೇವರು ಕೊಟ್ಟದ್ದು ಎಂಬ ನಂಬಿಕೆ ಕಾದಂಬರಿಯ ಲೋಕದಲ್ಲಿದೆ. ಹಿರಿಯರು ಈ ದಾರಿಯನ್ನು ಸೂಚಿಸುತ್ತಾರೆ. ಕಾಳಿ ಒಪ್ಪುವುದಿಲ್ಲ.

ಇಲ್ಲಿಂದ ಮುಂದಿನ ನಡೆಯನ್ನು ವಿವಾದದ ಎರಡೂ ಬದಿಯವರು ಅಷ್ಟಾಗಿ ಗಮನಿಸಲಿಲ್ಲ. ಪೊನ್ನಾ ಹಬ್ಬಕ್ಕೆ ಹೋಗುವುದು ಗಂಡನ ಒಪ್ಪಿಗೆ ಇದೆ ಎಂದು ನಂಬಿ. ಒಪ್ಪಿಗೆ ದೊರೆಯಿತೆಂದು ಹೇಳಿದವನು ಅವಳ ಅಣ್ಣ ಮುತ್ತು, ಅದು ಸುಳ್ಳು. ಅತ್ತ ಅವನೇ ಕಾಳಿಯನ್ನು ಕುಡಿತದ ನೆಪದಲ್ಲಿ ದೂರ ಕರೆದೊಯ್ದಿರುತ್ತಾನೆ. ಮುರುಗನ್ ಅವರ ಕಥೆಯ ಬೇರಿನಲ್ಲೇ ಹೀಗೆ ಒಂದು ತಪ್ಪು ಮಾಹಿತಿ ಇದೆ. ಅದನ್ನು ಹೇಳಿದವನು ಹಗೆಯಲ್ಲ, ತಂಗಿಯ ಒಳಿತನ್ನು ಬಯಸಿದ ಒಡಹುಟ್ಟಿದವನು. ಅದು ಕೆಲಸ ಮಾಡಿದ್ದು ಒಂದು ಪವಿತ್ರ ನಂಬಿಕೆಯ ನೆರಳಿನಲ್ಲಿ. ಹಬ್ಬದ ರಾತ್ರಿಯ ಬಗ್ಗೆ ಪೊನ್ನಾಳಿಗೆ ಇರುವ ಶ್ರದ್ಧೆಯನ್ನು ಕಾದಂಬರಿ ಎಲ್ಲಿಯೂ ಲೇವಡಿ ಮಾಡುವುದಿಲ್ಲ. ಆ ಶ್ರದ್ಧೆಯನ್ನು ಬಳಸಿಕೊಂಡವರು ಅವಳಿಗೆ ಏನನ್ನು ಮರೆಮಾಚಿದರು ಎಂದು ಕೇಳುತ್ತದೆ. ಕೊನೆಯಲ್ಲಿ ಮರದಡಿ ನಿಂತ ಕಾಳಿಯ ಸಂಕಟ ಕೂಡ ದೇವರ ಮೇಲಿನದಲ್ಲ, ತನ್ನವರೆಲ್ಲ ಸೇರಿ ತನ್ನನ್ನು ವಂಚಿಸಿದರೆಂಬುದು. ಆ ಮುಕ್ತಾಯ ತೆರೆದಿಟ್ಟ ಎರಡು ಸಾಧ್ಯತೆಗಳನ್ನು ಹಿಡಿದು ಮುರುಗನ್ 2014ರಲ್ಲಿ ‘ಆಲವಾಯನ್’, ‘ಅರ್ಧನಾರಿ’ ಎಂಬ ಎರಡು ಕಾದಂಬರಿಗಳನ್ನು ಬರೆದರು.

ಹಂಚಿಕೆಯಾದ ಪುಟಗಳಲ್ಲಿ ಹಬ್ಬದ ರಾತ್ರಿಯ ಪ್ರಸ್ತಾಪವಿತ್ತು. ಕಾಳಿಯ ನಿರಾಕರಣೆ, ಮುತ್ತುವಿನ ಸುಳ್ಳು, ಪೊನ್ನಾಳ ತಳಮಳ ಇರಲಿಲ್ಲ. ಹಾಗಾಗಿ ಪಾತ್ರಗಳ ಲೋಕದ ನಂಬಿಕೆ ಲೇಖಕನ ಆರೋಪವಾಯಿತು. ಒಬ್ಬ ಹೆಣ್ಣಿನ ಕಥೆ ಒಂದು ಊರಿನ, ಒಂದು ಜಾತಿಯ ಎಲ್ಲ ಹೆಣ್ಣುಮಕ್ಕಳ ಮೇಲಿನ ಮಾತಾಯಿತು. ಶಬ್ದಗಳು ಉಳಿದವು, ಅವುಗಳನ್ನು ಆಡಿದವರು ಮಾಯವಾದರು. ಕಾದಂಬರಿಯ ವಿಷಯದಲ್ಲಿ ತಪ್ಪು ಮಾಹಿತಿ ಹುಟ್ಟಲು ಇಷ್ಟು ಸಾಕು.

ಆದರೆ ವಿರೋಧಿಸಿದವರ ಒಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಲೇಬೇಕು. ಕ್ಷೇತ್ರಾಧ್ಯಯನದ ವೇಳೆ ‘ದೇವರು ಕೊಟ್ಟ ಮಕ್ಕಳು’ ಎಂಬ ಮಾತಿನ ಹಿನ್ನೆಲೆ ತಮಗೆ ತಿಳಿಯಿತೆಂದು ಲೇಖಕರು ಹೇಳಿಕೊಂಡಿದ್ದರು. ಕಾದಂಬರಿಯಲ್ಲಿ ಊರಿನ ಹೆಸರೂ ಇತ್ತು. ಕಾದಂಬರಿಯ ಒಡಲಿಗೆ ಪುರಾವೆ ಕೇಳುವುದು ಅಸಂಗತ. ಆದರೆ ಕಾದಂಬರಿಯ ಹೊರಗೆ ನಿಂತು ಲೇಖಕ ಆಡುವ ಚಾರಿತ್ರಿಕ ಮಾತಿಗೆ ಪುರಾವೆ ಕೇಳುವ ಹಕ್ಕು ಆ ಊರಿನವರಿಗೆ ಖಂಡಿತ ಇದೆ. ಈ ಎರಡನ್ನು ಬೇರ್ಪಡಿಸದೆ ‘ಇದು ಕಲೆ, ಪ್ರಶ್ನಿಸಬೇಡಿ’ ಎನ್ನುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ದುರ್ಬಲ ಸಮರ್ಥನೆ. ಮಹಾಭಾರತದ ನಿಯೋಗ ಪ್ರಸಂಗಗಳನ್ನು ಮುಂದಿಟ್ಟು ಕಾದಂಬರಿಯನ್ನು ಕಾಪಾಡುವ ವಾದವೂ ಅಷ್ಟೇ ದುರ್ಬಲ. ಅಂಬಿಕೆ, ಅಂಬಾಲಿಕೆಯರ ಕಥೆ ಇಲ್ಲದಿದ್ದರೆ ಮುರುಗನ್ ಇದನ್ನು ಬರೆಯುವಂತಿರಲಿಲ್ಲವೇ? ಪೂರ್ವನಿದರ್ಶನ ಇರುವ ಕಲ್ಪನೆಗೆ ಮಾತ್ರ ಅನುಮತಿ ಎಂದರೆ ಅದು ಸ್ವಾತಂತ್ರ್ಯವಾಗದು.

ಚಾರಿತ್ರಿಕ ಮಾತಿಗೆ ಉತ್ತರ ಪ್ರತಿವಾದ, ಪ್ರತಿಸಾಕ್ಷ್ಯ. ನಡೆದದ್ದು ಬೇರೆ. 2014ರ ಡಿಸೆಂಬರ್ ಕೊನೆಯಲ್ಲಿ ಪ್ರತಿಭಟನೆ ಭುಗಿಲೆದ್ದು ಪುಸ್ತಕದ ಪ್ರತಿಗಳು ಸುಡಲ್ಪಟ್ಟವು. 2015ರ ಜನವರಿ 12ರಂದು ನಾಮಕ್ಕಲ್ ಜಿಲ್ಲಾಡಳಿತ ಕರೆದ ‘ಶಾಂತಿ’ ಸಭೆಯಲ್ಲಿ ಲೇಖಕರು ಬೇಷರತ್ ಕ್ಷಮೆಯ ಪತ್ರಕ್ಕೆ ಸಹಿ ಹಾಕಬೇಕಾಯಿತು. ಅದರ ಬೆನ್ನಿಗೇ ತನ್ನೊಳಗಿನ ಲೇಖಕ ಸತ್ತನೆಂದು ಅವರು ಪ್ರಕಟಿಸಿದರು. 2016ರ ಜುಲೈ 5ರಂದು ಮುಖ್ಯ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ನ್ಯಾಯಮೂರ್ತಿ ಪುಷ್ಪಾ ಸತ್ಯನಾರಾಯಣ ಅವರ ಮದ್ರಾಸ್ ಹೈಕೋರ್ಟ್ ಪೀಠ ಆ ಒಪ್ಪಂದಕ್ಕೆ ಬಂಧಕ ಬಲವಿಲ್ಲವೆಂದು ಹೇಳಿ, ಲೇಖಕರು ಮರಳಿ ಬರೆಯಲೆಂದು ಆಶಿಸಿತು. ಸಂವಿಧಾನದ 19(2)ನೇ ವಿಧಿ ಪಟ್ಟಿ ಮಾಡುವ ನಿರ್ಬಂಧದ ಕಾರಣಗಳಲ್ಲಿ ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ ಮೊದಲಾದವು ಇವೆ. ‘ಸುಳ್ಳು’ ಎಂಬುದೊಂದು ಕಾರಣವಾಗಿ ಇಲ್ಲ. ಧಾರ್ಮಿಕ ಭಾವನೆಯ ಅವಮಾನಕ್ಕೆ ಸಂಬಂಧಿಸಿ 1927ರಲ್ಲಿ ದಂಡಸಂಹಿತೆಗೆ ಸೇರಿದ್ದ 295ಎ ಕಲಮು ಸಹ ಉದ್ದೇಶಪೂರ್ವಕ ದುರುದ್ದೇಶವನ್ನು ಕೇಳುತ್ತಿತ್ತು, ಮನನೋವಷ್ಟೇ ಅಲ್ಲಿ ಸಾಲುತ್ತಿರಲಿಲ್ಲ. ಉದ್ದೇಶವನ್ನು ತಿಳಿಯಲು ನ್ಯಾಯಾಲಯಕ್ಕೂ ಇಡಿಯ ಕೃತಿಯನ್ನು ಓದುವುದೇ ದಾರಿ.

ಎರಡು ವರ್ಷಗಳ ಅನಂತರ ಮಲಯಾಳಂನಲ್ಲಿ ಇದೇ ಬಗೆ ಮರುಕಳಿಸಿತು. ಎಸ್. ಹರೀಶ್ ಅವರ ‘ಮೀಶ’ ಮಾತೃಭೂಮಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ದೇವಸ್ಥಾನಕ್ಕೆ ಹೋಗುವ ಹೆಂಗಸರ ಕುರಿತು ಪಾತ್ರವೊಂದು ಆಡುವ ಕೀಳು ಮಾತನ್ನು ಬೇರ್ಪಡಿಸಿ ಹರಡಲಾಯಿತು. ಬೆದರಿಕೆಗಳು ಬಂದವು. 2018ರ ಜುಲೈನಲ್ಲಿ, ಮೂರು ಅಧ್ಯಾಯಗಳಿಗೆ, ಲೇಖಕರು ಅದನ್ನು ಹಿಂತೆಗೆದುಕೊಂಡರು. ಬಳಿಕ ಅದು ಪುಸ್ತಕವಾಗಿ ಬಂತು. ನಿಷೇಧ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 5ರಂದು ತಳ್ಳಿಹಾಕಿತು. ಇಲ್ಲಿ ಓದುಗರ ಎದುರು ಇಡಿಯ ಕೃತಿಯೇ ಇನ್ನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕಂತುಗಳಲ್ಲಿ ಬರುವ ಕಾದಂಬರಿ ತನ್ನ ಪಾತ್ರದ ಮಾತಿಗೆ ತಾನೇ ಉತ್ತರ ಕೊಡುವ ಮೊದಲೇ ತೀರ್ಪಿಗೆ ಗುರಿಯಾಯಿತು.

ಎರಡು ಪ್ರಕರಣಗಳಲ್ಲೂ ನ್ಯಾಯಾಲಯ ಲೇಖಕರ ಪರ ನಿಂತಿತು. ಆದರೆ ಮುರುಗನ್ ಅವರ ಮೌನದ ತಿಂಗಳುಗಳನ್ನು ಯಾವ ತೀರ್ಪೂ ಮರಳಿಸಲಾರದು. ತೀರ್ಪು ಬರುವ ಮುನ್ನವೇ ಕೆಲಸ ಮುಗಿಸುವ ಶಕ್ತಿ ಕಿತ್ತ ಪುಟಕ್ಕಿದೆ.

ತಾಳವಾಡಿ, ಹೊಸೂರಿನ ಕನ್ನಡಿಗರು ತಮಿಳನ್ನೂ ಕಾಸರಗೋಡಿನವರು ಮಲಯಾಳವನ್ನೂ ಮೂಲದಲ್ಲೇ ಓದಬಲ್ಲರು. ಗಡಿ ದಾಟಿ ಕನ್ನಡಕ್ಕೆ ಬರುವಾಗ ಇಂಥ ವಿವಾದ ಇನ್ನಷ್ಟು ಕಿರಿದಾಗುತ್ತದೆ: ಪುಟ ಹೋಗಿ ವಾಕ್ಯ ಉಳಿಯುತ್ತದೆ, ವಾಕ್ಯ ಹೋಗಿ ಆರೋಪ ಉಳಿಯುತ್ತದೆ. ಹೊರಗಿನ ಓದುಗನಿಗೆ ಮೂಲವನ್ನು ತೆರೆದು ನೋಡುವ ಉಪಾಯವಿಲ್ಲ. ಆ ವಾಕ್ಯವನ್ನು ಯಾರು, ಯಾರಿಗೆ, ಕಥೆಯ ಯಾವ ಘಟ್ಟದಲ್ಲಿ ಹೇಳಿದರೆಂದು ದಾಖಲಿಸಬಲ್ಲವರು ದ್ವಿಭಾಷಿಕ ವಿಮರ್ಶಕರೇ. ಗಡಿನಾಡಿನ ಕನ್ನಡ ವಿದ್ವತ್ತು ತನ್ನ ಊರ ಶಾಸನ, ಹಾಡು, ಐತಿಹ್ಯಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿದೆ. ನೆರೆಭಾಷೆಯ ವಿವಾದಿತ ಕೃತಿಯನ್ನು ಪೂರ್ತಿಯಾಗಿ ಓದಿ, ವಿವಾದ ಬಿಸಿಯಾಗಿರುವಾಗಲೇ ಕನ್ನಡದಲ್ಲಿ ಅದರ ವರದಿ ಕೊಡುವುದನ್ನೂ ಅದು ತನ್ನ ಕೆಲಸಗಳಲ್ಲಿ ಒಂದಾಗಿ ಎಣಿಸಬೇಕಿದೆ.